ಹಿಮದಲ್ಲಿಟ್ಟ ಹದಿನಾಲ್ಕು ಕ್ಯಾನ್‌ಗಳು

ಹೋದ ಚಳಿಗಾಲದಲ್ಲಿ ಮಣ್ಣು ತುಂಬಿ ಬೀಜ ಹಾಕಿದ ಒಂಬತ್ತು ಪ್ಲಾಸ್ಟಿಕ್ ಕ್ಯಾನ್ ಹೊರಗೆ ಇಟ್ಟಿದ್ದೆ, ಐದರಲ್ಲಿ ಏನೂ ಹುಟ್ಟಲಿಲ್ಲ. ಚಳಿಗೆ ಸತ್ತವು ಎಂದುಕೊಂಡು ಸುಮ್ಮನಾಗಿದ್ದೆ. ವಸಂತದಲ್ಲಿ ಮಣ್ಣನ್ನು ನೆಲಕ್ಕೆ ಸುರಿದಾಗ ನಿಜ ಗೊತ್ತಾಯಿತು. ತಳದಲ್ಲಿ ಎರಡು ಬೆರಳು ಕೆಸರು, ಹಳೇ ಚರಂಡಿಯಂಥ ವಾಸನೆ. ಬೀಜವನ್ನು ಬೆರಳಲ್ಲಿ ಒತ್ತಿದರೆ ಪಿಚಕ್ಕೆಂದು ಒಡೆಯುತ್ತಿತ್ತು. ನೀರು ನಿಂತು ಕೊಳೆತಿದ್ದವು. ತೂತು ಕೊರೆದಿದ್ದೆ, ಆದರೆ ಕೊರೆದ ಜಾಗ ತಪ್ಪಾಗಿತ್ತು. ಅದಕ್ಕೇ ಈ ಸಲ ಹದಿನಾಲ್ಕು ಕ್ಯಾನ್ ಮಾಡಿ, ಡಿಸೆಂಬರ್‌ನಿಂದ ಮೇ ತನಕ ಏನೇನಾಯಿತು ಎಂದು ದಿನಾಂಕ ಹಾಕಿ ಬರೆದಿಟ್ಟೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇನೆ.

ಈ ವಿಧಾನ ಕೇಳಿರದವರಿಗೆ ಮೊದಲು ಒಂದು ಮಾತು. ಹಾಲೋ ನೀರೋ ಬರುವ ದೊಡ್ಡ ಪ್ಲಾಸ್ಟಿಕ್ ಕ್ಯಾನನ್ನು ಅಡ್ಡ ಕೊಯ್ದು, ಹಸಿ ಮಣ್ಣು ತುಂಬಿ, ಬೀಜ ಹಾಕಿ, ಮತ್ತೆ ಮುಚ್ಚಿ, ನಡು ಚಳಿಗಾಲದಲ್ಲೇ ಹೊರಗೆ ಇಟ್ಟುಬಿಡುವುದು. ಅಷ್ಟೇ. ಮನೆಯೊಳಗೆ ಲೈಟು ಬೇಡ, ಬಿಸಿ ಕೊಡುವ ಮ್ಯಾಟ್ ಬೇಡ, ಕಿಟಕಿ ಪಕ್ಕ ಟ್ರೇ ಜೋಡಿಸಲು ಜಾಗ ಬೇಡ. ವಿಂಟರ್ ಸೋಯಿಂಗ್ ಅನ್ನುವ ಹೆಸರಲ್ಲಿ ಇದನ್ನು ತೋಟದವರ ನಡುವೆ ಹಬ್ಬಿಸಿದವರು ನ್ಯೂಯಾರ್ಕಿನ ಟ್ರೂಡಿ ಡೇವಿಡಾಫ್. ಕ್ಯಾನು ಒಂದು ಪುಟ್ಟ ಗ್ರೀನ್‌ಹೌಸ್ ಇದ್ದ ಹಾಗೆ. ಮಳೆ, ಹಿಮ ಮೇಲಿನ ಬಾಯಿಂದ ಒಳಗೆ ಬರುತ್ತದೆ, ಹಕ್ಕಿ, ಇಲಿ ಬರುವುದಿಲ್ಲ. ಹೊರಗೇ ಹುಟ್ಟಿದ ಸಸಿಗೆ ಗಾಳಿ ಬಿಸಿಲು ಅಭ್ಯಾಸ ಆಗಿರುವುದರಿಂದ ನಾಟಿಗೆ ಮುಂಚೆ ಅದನ್ನು ದಿನಾ ಒಂದೊಂದು ಗಂಟೆ ಹೊರಗಿಟ್ಟು ಒಗ್ಗಿಸುವ ಕೆಲಸವೂ ತಪ್ಪುತ್ತದೆ.

ಬೀಜ ಹೆಪ್ಪುಗಟ್ಟಿ ಸಾಯುವುದಿಲ್ವಾ ಎಂದು ಎಲ್ಲರೂ ಕೇಳುತ್ತಾರೆ. ತಣ್ಣನೆ ಸೀಮೆಯ ಗಿಡಗಳ ಬೀಜ ಶರತ್ಕಾಲದಲ್ಲಿ ನೆಲಕ್ಕೆ ಬೀಳುತ್ತದೆ. ಆಗಲೇ ಮೊಳೆತರೆ ಎಳೆ ಸಸಿ ಮುಂದಿನ ಚಳಿಗೆ ಹೋಗುತ್ತದೆ. ಅದಕ್ಕೇ ಬೀಜದೊಳಗೆ ಒಂದು ತಡೆ ಇರುತ್ತದೆ. ಅಬ್ಸಿಸಿಕ್ ಆ್ಯಸಿಡ್ ಎಂಬ ಹಾರ್ಮೋನು ಮೊಳಕೆಯನ್ನು ಹಿಡಿದಿಟ್ಟಿರುತ್ತದೆ. ತಂಪು ಮತ್ತು ತೇವ ಎರಡೂ ಒಟ್ಟಿಗೆ ಕೆಲವು ವಾರ ಸಿಕ್ಕಿದರೆ ಅದರ ಹಿಡಿತ ಸಡಿಲವಾಗಿ, ಮೊಳಕೆ ಎಬ್ಬಿಸುವ ಜಿಬ್ಬರೆಲಿನ್ ಕೈ ಮೇಲಾಗುತ್ತದೆ. ತೇವವೂ ಬೇಕು ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಒಣ ಬೀಜದ ಪ್ಯಾಕೆಟನ್ನು ಫ್ರೀಜರಿನಲ್ಲಿ ಆರು ತಿಂಗಳಿಟ್ಟರೂ ಈ ಕೆಲಸ ಆಗುವುದಿಲ್ಲ, ಬೀಜ ನೀರು ಕುಡಿದಿರಬೇಕು. ಹೆಚ್ಚಿನ ಬೀಜಗಳಿಗೆ ಕೆಲಸಕ್ಕೆ ಬರುವ ತಂಪು 1ರಿಂದ 5 ಡಿಗ್ರಿ ಸೆಲ್ಸಿಯಸ್. ಹಿಮಗಡ್ಡೆ ಆಗಿರುವ ದಿನಗಳಲ್ಲಿ ಬೀಜದೊಳಗೆ ಹೆಚ್ಚೇನೂ ನಡೆಯುವುದಿಲ್ಲ, ಕರಗುವ ದಿನಗಳಲ್ಲೇ ಅದು ಮುಂದೆ ಸಾಗುವುದು. ಹೆಪ್ಪುಗಟ್ಟುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು, ಇದರಿಂದ ಗಟ್ಟಿ ಸಿಪ್ಪೆಯೂ ಸಡಿಲವಾಗುತ್ತದೆ.

ಹಾಗಾಗಿ ನೀರು ಎಂದೂ ಹೆಪ್ಪುಗಟ್ಟದ ಕಡೆ ಇರುವವರಿಗೆ ಈ ಕ್ಯಾನಿನ ಲಾಭ ಅರ್ಧ ಮಾತ್ರ. ಚಳಿ ಬೇಡುವ ಬೀಜಗಳನ್ನು ಅವರು ಒದ್ದೆ ಮರಳಿನಲ್ಲಿ ಕಲಸಿ ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ನಾಲ್ಕರಿಂದ ಆರು ವಾರ ಇಟ್ಟರೆ ಅದೇ ಕೆಲಸ ಆಗುತ್ತದೆ.

ಡಿಸೆಂಬರ್ 18. ಕ್ಯಾನ್ ತೊಳೆದು ಒಣಗಿಸಿದೆ. ನನಗೆ ಇಷ್ಟವಾದದ್ದು ಸುಮಾರು 3.8 ಲೀಟರಿನ, ಹಿಡಿ ಇರುವ, ಮಬ್ಬು ಬಿಳಿ ಹಾಲಿನ ಕ್ಯಾನು. ತಳದಲ್ಲಿ ತ್ರಿಕೋನದೊಳಗೆ 2 ಎಂದು ಇರುತ್ತದೆ, ಅಂದರೆ ಎಚ್‌ಡಿಪಿಇ ಎಂಬ ಬಗೆಯ ಪ್ಲಾಸ್ಟಿಕ್. ಕಟರ್ ಸಲೀಸಾಗಿ ಓಡುತ್ತದೆ, ಬೆಳಕು ಒಳಗೆ ಬರುತ್ತದೆ ಆದರೆ ಸುಡುವಷ್ಟು ಬರುವುದಿಲ್ಲ. ತ್ರಿಕೋನದಲ್ಲಿ 1 ಇರುವ ಪಾರದರ್ಶಕ ನೀರಿನ ಬಾಟಲಿಯೂ ಆಗುತ್ತದೆ, ಆದರೆ ಅದು ಕೊಯ್ಯುವಾಗ ಜಾರುತ್ತದೆ, ಬಿಸಿಲಿಗೆ ಬೇಗ ಕಾಯುತ್ತದೆ. ಹದಿನಾಲ್ಕರಲ್ಲಿ ಮೂರು ಅಂಥವು. ಬೆಳಕೇ ಹೋಗದ ಬಣ್ಣದ ಕ್ಯಾನು ಬೇಡವೇ ಬೇಡ.

ಈಗ ತೂತಿನ ವಿಷಯ. ಹೋದ ವರ್ಷ ನಾನು ತಳದ ಮಧ್ಯದಲ್ಲಿ ಮೊಳೆಯಿಂದ ನಾಲ್ಕು ತೂತು ಹೊಡೆದಿದ್ದೆ. ಒಂದು ಖಾಲಿ ಕ್ಯಾನನ್ನು ತಲೆಕೆಳಗು ಮಾಡಿ ಕೈಯಲ್ಲಿ ಹಿಡಿದು ನೋಡಿ. ತಳದ ನಡುಭಾಗ ಒಳಕ್ಕೆ ಉಬ್ಬಿರುತ್ತದೆ, ಕ್ಯಾನು ಅಲುಗಾಡದೆ ನಿಲ್ಲಲಿ ಎಂದು ಹಾಗೆ ಮಾಡಿರುತ್ತಾರೆ. ನೇರವಾಗಿ ನಿಲ್ಲಿಸಿದಾಗ ಆ ಮಧ್ಯಭಾಗ ಉಳಿದದ್ದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಎತ್ತರದಲ್ಲಿರುತ್ತದೆ. ನೀರು ಸುತ್ತಲಿನ ಕಾಲುವೆಯಲ್ಲಿ ನಿಲ್ಲುತ್ತದೆ, ತೂತು ಮಾತ್ರ ದಿಬ್ಬದ ಮೇಲೆ! ಅಷ್ಟು ದಿನ ಕ್ಯಾನು ಕೈಯಲ್ಲಿ ಹಿಡಿದೂ ನನಗೆ ಇದು ಕಂಡಿರಲಿಲ್ಲ.

ಈ ಸಲ ನಾಲ್ಕು ಮೂಲೆಯಲ್ಲಿ, ತಳ ಮತ್ತು ಗೋಡೆ ಸೇರುವ ಆ ಮಡಿಕೆಯಲ್ಲೇ, ಒಂದೊಂದು ಮೂಲೆಗೆ ಎರಡರಂತೆ ಎಂಟು ತೂತು. ಮಧ್ಯಕ್ಕೆ ಎರಡು. ಅದಲ್ಲದೆ ಗೋಡೆಯಲ್ಲಿ ನೆಲದಿಂದ ಒಂದು ಬೆರಳು ಮೇಲೆ ನಾಲ್ಕು, ಏಕೆಂದರೆ ಕ್ಯಾನು ಹಿಮದ ಮೇಲೆ ಕೂತಾಗ ತಳದ ತೂತು ಐಸಿನಿಂದ ಮುಚ್ಚಿಹೋದರೆ ನೀರಿಗೆ ಇನ್ನೊಂದು ದಾರಿ ಬೇಕು. ಅಗಲ ಪೆನ್ಸಿಲಿನಷ್ಟು. ಮೊಳೆಯಿಂದ ಚುಚ್ಚಿದ ತೂತು ಬರೀ ಸೀಳು, ಪ್ಲಾಸ್ಟಿಕ್ ಮತ್ತೆ ಕೂಡಿಕೊಂಡು ಮುಚ್ಚಿಬಿಡುತ್ತದೆ. ಅದಕ್ಕೆ ಹಳೇ ಸೋಲ್ಡರಿಂಗ್ ಐರನ್ ಬಳಸಿದೆ. ಎಚ್‌ಡಿಪಿಇ 130 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ತುದಿ ತಾಗಿಸಿ ಎರಡು ಎಣಿಸುವಷ್ಟರಲ್ಲಿ ದುಂಡಗಿನ ತೂತು, ಸುತ್ತ ದಪ್ಪ ಅಂಚು. ಆ ಅಂಚು ಇರುವುದರಿಂದ ತೂತು ಮುಂದೆ ಹರಿಯುವುದೂ ಇಲ್ಲ. ಬಾಗಿಲು ತೆರೆದ ಜಾಗದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು ಮಾಡಿ, ಹೊಗೆ ಕುಡಿಯಬೇಡಿ. ಐರನ್ ಇಲ್ಲದಿದ್ದರೆ ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿದರೂ ನಡೆಯುತ್ತದೆ. ಮುಗಿದ ಮೇಲೆ ಪ್ರತಿ ಕ್ಯಾನಿಗೂ ಒಂದು ಲೋಟ ನೀರು ಸುರಿದು ನೋಡಿದೆ, ಪೂರ್ತಿ ಇಳಿದರೆ ಪಾಸು. ಎರಡು ಕ್ಯಾನಿನಲ್ಲಿ ಒಂದು ಮೂಲೆಯಲ್ಲಿ ನೀರು ಉಳಿಯಿತು, ಅಲ್ಲಿ ಇನ್ನೊಂದು ತೂತು ಹಾಕಿದೆ.

ಕೊಯ್ಯುವುದು ಸುಲಭ. ತಳದಿಂದ 10 ಸೆಂಟಿಮೀಟರ್ ಮೇಲೆ ಮಾರ್ಕರಿನಲ್ಲಿ ಸುತ್ತ ಗೆರೆ ಎಳೆದು, ಹಿಡಿಯ ಕೆಳಗೆ ಎರಡು ಬೆರಳು ಅಗಲ ಬಿಟ್ಟು ಉಳಿದದ್ದನ್ನು ಕಟರಿನಲ್ಲಿ ಕೊಯ್ದೆ. ಬಿಟ್ಟ ಭಾಗವೇ ಕೀಲು. ಮೇಲಿನ ಅರ್ಧ ಪೆಟ್ಟಿಗೆ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ. ಬಾಯಿಯ ಬಿರಡೆ ತೆಗೆದು ಮರುಬಳಕೆಗೆ ಹಾಕಿದೆ, ಅದು ಎಂದಿಗೂ ಬೇಡ. ಒಳಗಿನ ಬಿಸಿ ಹೊರಗೆ ಹೋಗುವುದೂ ಹಿಮ ನೀರು ಒಳಗೆ ಬರುವುದೂ ಅದೊಂದೇ ಬಾಯಿಂದ.

ಹೋದ ವರ್ಷ ಕೊಯ್ದ ಜಾಗಕ್ಕೆ ಸುತ್ತ ಡಕ್ಟ್ ಟೇಪ್ ಹಾಕಿದ್ದೆ. ಒದ್ದೆಯಾದ ಮೇಲೆ ಟೇಪು ಬಿಟ್ಟುಕೊಂಡಿತು, ಬಿಡದ ಕಡೆ ಕೀಳುವಾಗ ಕ್ಯಾನೇ ಹರಿಯಿತು. ವಸಂತದಲ್ಲಿ ಮುಚ್ಚಳವನ್ನು ದಿನಕ್ಕೆರಡು ಸಲ ತೆರೆದು ಮುಚ್ಚಬೇಕಾಗುತ್ತದೆ, ಅದಕ್ಕೆ ಟೇಪು ಹೊಂದುವುದಿಲ್ಲ. ಈ ಸಲ ಕೀಲಿನ ಎದುರು ಭಾಗದಲ್ಲಿ ಮೇಲೊಂದು ಕೆಳಗೊಂದು ತೂತು ಹಾಕಿ ತೆಳು ತಂತಿ ಪೋಣಿಸಿ ತಿರುಚಿದೆ. ಬಿಚ್ಚಲು ಮೂರು ಸೆಕೆಂಡು. ಕೊಯ್ದ ಗೆರೆಯಲ್ಲಿ ಸಣ್ಣ ಸಂದು ಉಳಿಯುತ್ತದೆ, ಉಳಿಯಲಿ.

ಮಣ್ಣು ಅಂದರೆ ಕುಂಡದ ಮಿಶ್ರಣ. ತೋಟದ ಮಣ್ಣು ಬೇಡ, ಆರು ತಿಂಗಳ ಮಳೆ ಹಿಮಕ್ಕೆ ಅದು ಇಟ್ಟಿಗೆ ಆಗುತ್ತದೆ. ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್, ಜರಡಿ ಹಿಡಿದ ಕಾಂಪೋಸ್ಟ್, ಹಗುರ ಬಿಳಿ ಕಾಳಿನಂಥ ಪರ್ಲೈಟ್ ಸೇರಿಸಿ, ಒಂದು ದಿನ ಮುಂಚೆಯೇ ನೀರು ಹಾಕಿ ಕಲಸಿಟ್ಟೆ. ಮುಷ್ಟಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬೀಳಬೇಕು, ಧಾರೆ ಬರಬಾರದು. ಇದೇ ಹದ. ಆಳ 8 ಸೆಂಟಿಮೀಟರಿಗಿಂತ ಕಮ್ಮಿ ಆಗಬಾರದು, ತೆಳು ಮಣ್ಣು ಏಪ್ರಿಲ್‌ನಲ್ಲಿ ಒಂದೇ ಮಧ್ಯಾಹ್ನಕ್ಕೆ ಒಣಗುತ್ತದೆ.

ಡಿಸೆಂಬರ್ 22. ಹಗಲು ಅತಿ ಚಿಕ್ಕದಾಗುವ ದಿನಗಳು. ಚಳಿ ಬೇಡುವ ಐದನ್ನು ಹಾಕಿದೆ. ಮಿಲ್ಕ್‌ವೀಡ್, ಎಕಿನೇಸಿಯ, ಕೊಲಂಬೈನ್, ಲ್ಯಾವೆಂಡರ್, ಡೆಲ್ಫಿನಿಯಂ, ಎಲ್ಲವೂ ಹೂಗಿಡಗಳು. ಬೀಜದ ದಪ್ಪದ ಎರಡರಷ್ಟು ಆಳ, ಮೇಲೆ ಮಣ್ಣು ಉದುರಿಸಿ ಅಂಗೈಯಿಂದ ಒತ್ತುವುದು. ಕೊಲಂಬೈನ್ ಬೀಜವನ್ನು ಮುಚ್ಚಲಿಲ್ಲ, ಮೇಲೇ ಒತ್ತಿ ಬಿಟ್ಟೆ, ಅದಕ್ಕೆ ಬೆಳಕು ಬೇಕು. ಇನ್ನು ಆರು ಫೆಬ್ರವರಿಗೆ, ಮೂರು ಮಾರ್ಚ್ ಕೊನೆಗೆ ಎಂದು ಎತ್ತಿಟ್ಟೆ.

ಹೆಸರು ಬರೆಯುವುದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಹೊರಗೆ ಬರೆದ ಮಾರ್ಕರ್ ಅಕ್ಷರ ಬಿಸಿಲಿಗೆ ಮಾರ್ಚ್ ಹೊತ್ತಿಗೆ ಮಾಯವಾಗುತ್ತದೆ. ಪೆನ್ಸಿಲಿನಲ್ಲಿ ಬರೆದ ಅಕ್ಷರ ಮಾಸುವುದಿಲ್ಲ. ಹಳೇ ಮೊಸರು ಡಬ್ಬಿಯ ಬಿಳಿ ಪ್ಲಾಸ್ಟಿಕ್ಕಿನಿಂದ ಪಟ್ಟಿ ಕತ್ತರಿಸಿ, ಪೆನ್ಸಿಲಿನಲ್ಲಿ ಹೆಸರು ಮತ್ತು ದಿನಾಂಕ ಬರೆದು, ಮಣ್ಣಿನೊಳಗೆ ಪೂರ್ತಿ ಹುಗಿದೆ. ಜೊತೆಗೆ ಕ್ಯಾನಿನ ತಳಕ್ಕೆ ಒಂದು ನಂಬರ್, ನೋಟ್‌ಬುಕ್ಕಿನಲ್ಲಿ ಅದೇ ನಂಬರ್. ಎರಡಾದರೆ ಒಂದು ಹೋದರೂ ಇನ್ನೊಂದು ಇರುತ್ತದೆ.

ಬಿಸಿಲು ಬೀಳುವ, ಜೋರು ಗಾಳಿ ನುಗ್ಗದ ಗೋಡೆ ಪಕ್ಕದಲ್ಲಿ ಇಟ್ಟೆ. ಸೂರಿನ ಕೆಳಗೆ ಇಡಬಾರದು, ಮಳೆ ಹಿಮ ತಾಗಲೇಬೇಕು. ಹಗ್ಗವೊಂದನ್ನು ಎಲ್ಲ ಹಿಡಿಗಳೊಳಗೆ ಹಾಯಿಸಿ ಎರಡು ಗೂಟಕ್ಕೆ ಬಿಗಿದೆ. ಮಣ್ಣು ತುಂಬಿದ ಕ್ಯಾನು ಭಾರ ಇದೆ, ಗಾಳಿಗೆ ಏನಾಗುತ್ತದೆ ಅನ್ನಬೇಡಿ. ಮಣ್ಣಿನ ಮೇಲ್ಭಾಗ ಖಾಲಿ ಇರುವುದರಿಂದ ಗಾಳಿ ಅದನ್ನು ಹಾಯಿಪಟದ ಹಾಗೆ ಹಿಡಿಯುತ್ತದೆ.

ಜನವರಿ ಪೂರ್ತಿ ಏನೂ ಮಾಡಲಿಲ್ಲ. ಹಿಮ ಬಿದ್ದು ಕ್ಯಾನುಗಳ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಗುಡಿಸಬೇಡಿ, ಹಿಮವೇ ಹೊದಿಕೆ. ಒಂದು ಬೆಳಿಗ್ಗೆ ಒಂದರ ತಂತಿ ಬಿಚ್ಚಿ ನೋಡಿದೆ. ಮಣ್ಣಿನ ಮೇಲೆ ಐಸಿನ ಸೂಜಿಗಳು ಎದ್ದಿದ್ದವು, ಒಂದೊಂದೂ ಬೆಂಕಿಕಡ್ಡಿಯಷ್ಟು ತೆಳ್ಳಗೆ, ಅರ್ಧ ಬೆರಳು ಉದ್ದ, ತಲೆ ಮೇಲೆ ಒಂದೊಂದು ಮಣ್ಣಿನ ಕಣ ಹೊತ್ತುಕೊಂಡು. ಒಂದು ಸೂಜಿಯ ತುದಿಯಲ್ಲಿ ಎಕಿನೇಸಿಯ ಬೀಜವೇ ಕೂತಿತ್ತು. ಮೊದಲ ವರ್ಷ ಇದನ್ನು ನೋಡಿದ್ದರೆ ಬೆರಳಿಂದ ಒಳಗೆ ಒತ್ತುತ್ತಿದ್ದೆ. ಈ ಸಲ ಮುಚ್ಚಿ ಬಂದೆ. ಕರಗಿದಾಗ ಬೀಜ ತಾನೇ ಒಂದು ಬಿರುಕಿಗೆ ಇಳಿದು ಕೂತಿತ್ತು, ನಾನು ಹುಗಿದದ್ದಕ್ಕಿಂತ ಅಚ್ಚುಕಟ್ಟಾಗಿ.

ಫೆಬ್ರವರಿ 5. ಕೇಲ್ ಎಂಬ ಸೊಪ್ಪು, ಎಲೆಕೋಸು, ಲೆಟಿಸ್, ಪಾಲಕ್, ಹೂವಿನಲ್ಲಿ ಕ್ಯಾಲೆಂಡ್ಯುಲ, ಸ್ನ್ಯಾಪ್‌ಡ್ರ್ಯಾಗನ್. ಇವಕ್ಕೆ ಚಳಿ ಬೇಕೇ ಬೇಕು ಎಂದೇನಿಲ್ಲ, ತಡೆದುಕೊಳ್ಳುತ್ತವೆ ಅಷ್ಟೇ. ಲೆಟಿಸ್ ಮತ್ತು ಸ್ನ್ಯಾಪ್‌ಡ್ರ್ಯಾಗನ್ ಬೀಜವನ್ನೂ ಮಣ್ಣಿನ ಮೇಲೇ ಒತ್ತಿ ಬಿಟ್ಟೆ.

ಮಾರ್ಚ್ 9. ಹೊರಗೆ ಇನ್ನೂ ಅಲ್ಲಲ್ಲಿ ಹಿಮ. ಲೆಟಿಸ್ ಕ್ಯಾನಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಸಿರು ಚುಕ್ಕಿಗಳು! ಲೆಟಿಸ್ ನಾಲ್ಕೈದು ಡಿಗ್ರಿಯಲ್ಲೂ ನಿಧಾನಕ್ಕೆ ಮೊಳೆಯುತ್ತದೆ ಎಂದು ಓದಿದ್ದೇ ಬೇರೆ, ಹಿಮದ ಪಕ್ಕ ಅದು ನಿಂತಿರುವುದನ್ನು ನೋಡುವುದೇ ಬೇರೆ. ಮೂರು ದಿನಕ್ಕೆ ಕೇಲ್, ವಾರಕ್ಕೆ ಪಾಲಕ್ ಮತ್ತು ಎಲೆಕೋಸು. ಆಮೇಲೆ ಎರಡು ರಾತ್ರಿ ಮೈನಸ್ 6 ಹೋಯಿತು. ಸಸಿಗಳು ಬಾಗಿ ಮಣ್ಣಿಗೆ ಅಂಟಿಕೊಂಡಿದ್ದವು, ಹನ್ನೊಂದು ಗಂಟೆ ಹೊತ್ತಿಗೆ ತಲೆ ಎತ್ತಿದವು. ಎಲೆಕೋಸಿನ ಎಲೆ ನೇರಳೆ ಬಣ್ಣಕ್ಕೆ ತಿರುಗಿತು. ತಣ್ಣನೆ ಮಣ್ಣಿನಲ್ಲಿ ಬೇರಿಗೆ ರಂಜಕ ಸಿಗುವುದು ಕಷ್ಟ, ಅದಕ್ಕೇ ಆ ಬಣ್ಣ. ಗೊಬ್ಬರ ಹಾಕಲಿಲ್ಲ. ಮಣ್ಣು ಬೆಚ್ಚಗಾದ ಮೇಲೆ ಹೊಸ ಎಲೆ ಹಸಿರಾಗಿಯೇ ಬಂತು.

ನೀರು ಬೇಕೋ ಬೇಡವೋ ಎಂದು ಹೇಳುವುದು ಕ್ಯಾನಿನ ಒಳಗೋಡೆ. ಬೆಳಿಗ್ಗೆ ಅಲ್ಲಿ ಹನಿ ಕಟ್ಟಿದ್ದರೆ ತೇವ ಇದೆ. ಹನಿ ಇಲ್ಲ, ಎತ್ತಿದರೆ ಹಗುರ ಅನಿಸಿತು ಅಂದರೆ ಕ್ಯಾನನ್ನು ನೀರಿನ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಿದರೆ ತಳದ ತೂತಿಂದ ಕುಡಿಯುತ್ತದೆ. ಮೇಲಿಂದ ಸುರಿದರೆ ಎಳೆ ಸಸಿ ಮಲಗಿಬಿಡುತ್ತದೆ.

ಮಾರ್ಚ್ 28ಕ್ಕೆ ಟೊಮೆಟೊ, ಚೆಂಡು ಹೂ, ಜಿನಿಯಾ ಹಾಕಿದೆ. ಇವನ್ನು ಡಿಸೆಂಬರ್‌ನಲ್ಲಿ ಹಾಕಿ ಪ್ರಯೋಜನ ಇಲ್ಲ. ಹತ್ತು ಡಿಗ್ರಿ ಕೆಳಗೆ ಟೊಮೆಟೊ ಮೊಳೆಯುವುದಿಲ್ಲ, ಮೊಳೆತ ಮೇಲೆ ಒಂದು ಹಿಮದ ರಾತ್ರಿ ಬಂದರೆ ಉಳಿಯುವುದಿಲ್ಲ.

ಇನ್ನು ಏಪ್ರಿಲ್ 11. ಈ ಇಡೀ ಲೆಕ್ಕದಲ್ಲಿ ನನಗೆ ಹೊಟ್ಟೆ ಉರಿದ ದಿನ. ಬೆಳಿಗ್ಗೆ ತಂಪಿತ್ತು, ಮೋಡ ಇತ್ತು, ಯಾವುದನ್ನೂ ತೆರೆಯದೆ ಕೆಲಸಕ್ಕೆ ಹೋದೆ. ಹತ್ತು ಗಂಟೆಗೆ ಮೋಡ ಸರಿದು ಬಿಸಿಲು ಬಿದ್ದಿದೆ. ಸಂಜೆ ಬಂದು ನೋಡಿದರೆ ಸ್ನ್ಯಾಪ್‌ಡ್ರ್ಯಾಗನ್ ಕ್ಯಾನಿನಲ್ಲಿ ನಲವತ್ತಕ್ಕೂ ಜಾಸ್ತಿ ಸಸಿ ಬೆಂದ ಸೊಪ್ಪಿನ ಹಾಗೆ ಮಣ್ಣಿಗೆ ಮೆತ್ತಿಕೊಂಡಿದ್ದವು. ಅದು ಪಾರದರ್ಶಕ ನೀರಿನ ಬಾಟಲಿ, ಬಾಯಿಯೂ ಚಿಕ್ಕದು. ಪಕ್ಕದ ಹಾಲಿನ ಕ್ಯಾನುಗಳು ಬಾಡಿದ್ದವು, ನೀರು ಕುಡಿಸಿದ ಮೇಲೆ ಚೇತರಿಸಿಕೊಂಡವು. ಮರುದಿನ ಅಂಥದೇ ಖಾಲಿ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟೆ. ಹೊರಗೆ 17 ಡಿಗ್ರಿ ಇದ್ದಾಗ ಒಳಗೆ 43. ಎರಡು ತಿಂಗಳು ಹಿಮವನ್ನು ತಡೆದುಕೊಂಡ ಜಾತಿ, ಅರ್ಧ ದಿನದ ಬಿಸಿಲಿಗೆ ಹೋಯಿತು.

ಡಿಸೆಂಬರಿನ ಕೆಲಸಕ್ಕಿಂತ ಏಪ್ರಿಲ್‌ನ ಕಾವಲೇ ದೊಡ್ಡದು ಎಂದು ನನಗೆ ಅರ್ಥವಾದದ್ದು ಆ ದಿನ. ಅವತ್ತಿಂದ ಹೊರಗಿನ ತಾಪ 10 ದಾಟುತ್ತದೆ, ಬಿಸಿಲು ಬರಬಹುದು ಅನ್ನಿಸಿದರೆ ಬೆಳಿಗ್ಗೆಯೇ ತಂತಿ ಬಿಚ್ಚಿ ಮುಚ್ಚಳ ಪೂರ್ತಿ ಹಿಂದಕ್ಕೆ ಮಗುಚಿಡುತ್ತಿದ್ದೆ. ಸಂಜೆ ಮಂಜು ಹೆಪ್ಪುಗಟ್ಟುವ ಸೂಚನೆ ಇದ್ದರೆ ಮಾತ್ರ ಮುಚ್ಚುವುದು. ಅನುಮಾನ ಇದ್ದರೆ ತೆರೆದಿಡಿ. ಚಳಿಗೆ ಸಸಿ ನಿಧಾನ ಆಗುತ್ತದೆ, ಸೆಕೆಗೆ ಸಾಯುತ್ತದೆ. ಗಾಳಿ ಆಡುವುದರಿಂದ ಬುಡ ಕೊಳೆಯುವ ರೋಗವೂ ನನಗೆ ಒಂದು ಕ್ಯಾನಿನಲ್ಲೂ ಕಾಣಲಿಲ್ಲ. ತೆರೆದಿಟ್ಟ ಲೆಟಿಸ್‌ಗೆ ಒಂದು ರಾತ್ರಿ ಚಿಪ್ಪಿಲ್ಲದ ಬಸವನಹುಳು ನುಗ್ಗಿ ಐದಾರು ಸಸಿ ತಿಂದಿತು. ಕ್ಯಾನುಗಳನ್ನು ಎರಡು ಇಟ್ಟಿಗೆ ಎತ್ತರದ ಹಲಗೆ ಮೇಲೆ ಇಟ್ಟ ಮೇಲೆ ಆ ಕಾಟ ಕಮ್ಮಿಯಾಯಿತು.

ಉಳಿದವು ಹೀಗೆ ಬಂದವು. ಕ್ಯಾಲೆಂಡ್ಯುಲ ಮಾರ್ಚ್ ಕೊನೆಗೆ, ಕೊಲಂಬೈನ್ ಏಪ್ರಿಲ್ 2, ಎಕಿನೇಸಿಯ 14, ಲ್ಯಾವೆಂಡರ್ 22. ಲ್ಯಾವೆಂಡರ್ ಮೂವತ್ತು ಬೀಜಕ್ಕೆ ನಾಲ್ಕೇ ನಾಲ್ಕು, ಆದರೆ ಆ ನಾಲ್ಕೂ ಗಟ್ಟಿ. ಡೆಲ್ಫಿನಿಯಂ ಒಂದೂ ಬರಲಿಲ್ಲ. ಅದರ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ನನ್ನದು ಮೂರು ವರ್ಷ ಡ್ರಾಯರಿನಲ್ಲಿ ಬಿದ್ದಿತ್ತು, ಕ್ಯಾನಿನ ತಪ್ಪಿಲ್ಲ. ಟೊಮೆಟೊ ಏಪ್ರಿಲ್ 26ಕ್ಕೆ ಎದ್ದಿತು, ಮೇ ಮೊದಲ ವಾರ ಚೆಂಡು ಹೂ, ಜಿನಿಯಾ.

ನಾಟಿ ಮಾಡುವಾಗ ಒಂದೊಂದೇ ಸಸಿ ಬಿಡಿಸುತ್ತಾ ಕೂರಲಿಲ್ಲ. ಕೀಲು ಕತ್ತರಿಸಿ ಮೇಲ್ಭಾಗ ತೆಗೆದು, ಕ್ಯಾನನ್ನು ಅಂಗೈ ಮೇಲೆ ಮಗುಚಿ ತಟ್ಟಿದರೆ ಇಡೀ ಮಣ್ಣು ಒಂದೇ ಗಟ್ಟಿಯಾಗಿ ಜಾರಿ ಬರುತ್ತದೆ. ಲೆಟಿಸ್ ಗಟ್ಟಿಯ ಅಡಿ ಬಿಳಿ ಬೇರು ಹೆಣಿಗೆ ಹಾಕಿದಂತೆ ಸುತ್ತಿತ್ತು, ಕೆಸರು ಎಲ್ಲೂ ಇಲ್ಲ. ಚಾಕುವಿನಿಂದ ಉದ್ದಕ್ಕೆ ಎರಡು ಅಡ್ಡಕ್ಕೆ ಎರಡು ಕೊಯ್ದು ಒಂಬತ್ತು ತುಂಡು ಮಾಡಿ, ತುಂಡು ತುಂಡಾಗಿಯೇ ಮಡಿಯಲ್ಲಿ ಕೂರಿಸಿದೆ. ಒಂದು ತುಂಡಿನಲ್ಲಿ ನಾಲ್ಕೈದು ಸಸಿ, ಎರಡು ವಾರ ಬಿಟ್ಟು ಸೊರಗಿದವನ್ನು ಬುಡದಲ್ಲೇ ಕತ್ತರಿಸಿದೆ. ಕಿತ್ತರೆ ಪಕ್ಕದ್ದರ ಬೇರೂ ಏಳುತ್ತದೆ. ಟೊಮೆಟೊ ಮಾತ್ರ ಒಂದೊಂದಾಗಿ ಬಿಡಿಸಿ, ಬೀಜದೆಲೆ ತನಕ ಆಳಕ್ಕೆ ನೆಟ್ಟೆ, ಹುಗಿದ ಕಾಂಡದಿಂದಲೂ ಬೇರು ಬರುತ್ತದಲ್ವಾ.

ಕ್ಯಾನುಗಳಲ್ಲಿ ಒಂಬತ್ತು ತೊಳೆದು ಒಂದರೊಳಗೊಂದು ಇಟ್ಟಿದ್ದೇನೆ. ಐದನ್ನು ಒತ್ತಿದರೆ ಪಟ್ಟೆಂದು ಸೀಳುತ್ತಿತ್ತು, ಬಿಸಿಲಿಗೆ ಪ್ಲಾಸ್ಟಿಕ್ ಒಣಗಿ ಪೆಡಸಾಗುತ್ತದೆ. ಸೀಳಿದ ಮೇಲೆ ಚೂರು ಮಣ್ಣಿಗೆ ಬೀಳಬಾರದು, ಅದಕ್ಕೆ ಮುಂಚೆಯೇ ಮರುಬಳಕೆಗೆ ಕಳಿಸುವುದು ಒಳ್ಳೆಯದು.

ಮಿಲ್ಕ್‌ವೀಡ್ ಬಗ್ಗೆ ಹೇಳಿಲ್ಲ. ಇದು ಎಕ್ಕದ ಹತ್ತಿರದ ಸಂಬಂಧಿ, ಎಲೆ ಮುರಿದರೆ ಹಾಲು ಬರುತ್ತದೆ, ಮೊನಾರ್ಕ್ ಚಿಟ್ಟೆಯ ಮರಿಹುಳು ಇದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ನಾನು ಇದನ್ನೆಲ್ಲ ಶುರು ಮಾಡಿದ್ದೇ ಅದಕ್ಕೋಸ್ಕರ. ಮೇ 10ರ ತನಕ ಆ ಕ್ಯಾನಿನಲ್ಲಿ ಒಂದು ಚುಕ್ಕಿ ಹಸಿರೂ ಇರಲಿಲ್ಲ. ಹೋದ ವರ್ಷ ಸತ್ತ ಐದರಲ್ಲಿ ಅದೂ ಒಂದು. ಮಣ್ಣು ಸುರಿದುಬಿಡೋಣ ಎಂದು ಕೈಯಲ್ಲಿ ಎತ್ತಿಕೊಂಡವನು ಒಂದು ಬೀಜ ಕೆದಕಿ ನೋಡಿದೆ. ಗಟ್ಟಿಯಾಗಿತ್ತು, ಕಂದು ಬಣ್ಣ ಹಾಗೇ ಇತ್ತು, ಒತ್ತಿದರೆ ಒಡೆಯಲಿಲ್ಲ. ಚಳಿ ಮುಗಿದ ಮೇಲೂ ಇದಕ್ಕೆ ಮಣ್ಣು ಚೆನ್ನಾಗಿ ಬೆಚ್ಚಗಾಗಬೇಕು. ಮತ್ತೆ ಇಟ್ಟು ಬಂದೆ. ಮೇ 16ಕ್ಕೆ ಮೊದಲನೆಯದು ಎದ್ದಿತು, ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆ ಮೇಲೆ ಹೊತ್ತುಕೊಂಡು. ಈಗ ಹನ್ನೊಂದಿವೆ. ಇದರ ತಾಯಿಬೇರು ಉದ್ದಕ್ಕೆ ಇಳಿಯುತ್ತದೆ, ಜಾಸ್ತಿ ದಿನ ಕ್ಯಾನಿನಲ್ಲಿ ಬಿಡುವ ಹಾಗಿಲ್ಲ. ಎರಡನೇ ಜೊತೆ ಎಲೆ ಬಿಚ್ಚುತ್ತಿದೆ, ಈ ಭಾನುವಾರ ಮಡಿಗೆ ಇಳಿಸುತ್ತೇನೆ.